ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತೆ ಟೀಚರ್?

ನಮ್ಮೂರು ಅರಸೀಕೆರೆ. ಇಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಸಂತೆಗೆ ಹೋದರೂ, ಮದುವೆಮನೆಗೆ ಹೋದರೂ, ಸ್ಟೇಷನ್ನಿನಲ್ಲಿ ರೈಲಿಗೆ ಕಾದು ನಿಂತರೂ ಯಾರಾದರೂ ಹಳೆಯ ವಿದ್ಯಾರ್ಥಿ ಸಿಕ್ಕೇ ಸಿಗುತ್ತಾರೆ. ನನಗೆ ಸ್ತನ ಕ್ಯಾನ್ಸರ್ ಇರುವುದು ಅವರಿಗೆಲ್ಲ ಗೊತ್ತು. ಸಣ್ಣ ಊರು, ಇಲ್ಲಿ ಗುಟ್ಟು ನಿಲ್ಲುವುದಿಲ್ಲ. ಮತ್ತೆ ಎಲ್ಲರೂ ಕೇಳುವುದು ಅದೇ ಪ್ರಶ್ನೆ: "ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತೆ ಟೀಚರ್?"

ಮುಗಿಯುವುದಿಲ್ಲ. ಮುಗಿಯದೇ ಇದ್ದರೇ ಒಳ್ಳೆಯದು. ನಾನು ಈಗ ನುಂಗುತ್ತಿರುವ ಗುಳಿಗೆಯನ್ನು ಡಾಕ್ಟರ್ ನಿಲ್ಲಿಸಿದರು ಅಂದರೆ ಅದು ಕೆಲಸ ಮಾಡುವುದನ್ನು ಬಿಟ್ಟಿದೆ ಅಂತ ಅರ್ಥ. ಇದನ್ನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ಹೇಳುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲದ ಕಾಯಿಲೆ ಬೇರೆ ಥರ ಇತ್ತು. 2014ರಲ್ಲಿ ಬಲ ಮೊಲೆಯಲ್ಲಿ ಗಡ್ಡೆ. ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು, ಕಂಕುಳಿನ ಗಂಟಿಗೂ, ಅಂದರೆ ಅಲ್ಲಿನ ದುಗ್ಧಗ್ರಂಥಿಗೂ ಹೋಗಿತ್ತು. ಆಪರೇಷನ್ ಮಾಡಿ ಮೊಲೆ ತೆಗೆದರು. ಆಮೇಲೆ ಕೀಮೋ, ಅದಾದ ಮೇಲೆ ರೇಡಿಯೇಷನ್. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡೋದು ಅನ್ನುತ್ತಾರೆ. ಕೂದಲು ಹೋಯಿತು, ವಾಂತಿ ಆಯಿತು, ಬಾಯಿ ಹುಣ್ಣಾಯಿತು. ಆದರೆ ಎಲ್ಲದಕ್ಕೂ ಒಂದು ಕೊನೆ ಇತ್ತು. ಇಷ್ಟು ಕೀಮೋ, ಇಷ್ಟು ಕರೆಂಟ್ ಅಂತ ಫೈಲಿನಲ್ಲಿ ಬರೆದಿತ್ತು. ಎಣಿಸಿ ಎಣಿಸಿ ಕಳೆದೆವು. ಆಮೇಲೆ ದಿನಕ್ಕೊಂದು ಟ್ಯಾಮಾಕ್ಸಿಫೆನ್, ಅಂದರೆ ಹಾರ್ಮೋನನ್ನು ತಡೆಯುವ ಗುಳಿಗೆ, 20 ಮಿಲಿಗ್ರಾಂ, ಐದು ವರ್ಷ.

ಆ ಐದು ವರ್ಷ ಮುಗಿದಾಗ ಮನೆಯಲ್ಲಿ ಹೋಳಿಗೆ ಮಾಡಿದೆವು. ಅಕ್ಟೋಬರಿನಲ್ಲಿ ಒಂದು ಸಂಸ್ಥೆಯವರು ಜಾಗೃತಿ ಕಾರ್ಯಕ್ರಮಕ್ಕೆ ಕರೆದರು. ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. "ಇವರು ಕ್ಯಾನ್ಸರ್ ಗೆದ್ದವರು, ಧೈರ್ಯ ಇದ್ದರೆ ಎಲ್ಲ ಸಾಧ್ಯ" ಅಂತ ಮೈಕಿನಲ್ಲಿ ಹೇಳಿದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಕಾಯಿಲೆ ತಿರುಗಿ ಬಂದ ಮೇಲೆ ಅವರು ನನ್ನನ್ನು ಕರೆಯಲಿಲ್ಲ. ಫೋನ್ ಮಾಡಿ, "ಮೇಡಂ, ನೀವು ರೆಸ್ಟ್ ತಗೊಳ್ಳಿ. ಜನಕ್ಕೆ ಪಾಸಿಟಿವ್ ಮೆಸೇಜ್ ಹೋಗಬೇಕು ಅಲ್ವಾ" ಅಂದರು. ನನ್ನ ಧೈರ್ಯ ಏನೂ ಕಡಿಮೆ ಆಗಿರಲಿಲ್ಲ. ಅಷ್ಟೇ ಇತ್ತು. ಮೂಳೆಯಲ್ಲಿ ಕೆಲವು ಜೀವಕೋಶ ಎದ್ದು ಕೂತಿದ್ದವು, ಅಷ್ಟೇ ವ್ಯತ್ಯಾಸ.

ಅಂದಹಾಗೆ, ಅಕ್ಟೋಬರ್ ತಿಂಗಳೆಲ್ಲ ಗುಲಾಬಿ ಬಣ್ಣ ಅಂತ ಎಲ್ಲರಿಗೂ ಗೊತ್ತು. ಅದರೊಳಗೆ 13ನೇ ತಾರೀಕು ನಮ್ಮಂಥವರದು, ದೇಹದ ಬೇರೆ ಕಡೆಗೆ ಹರಡಿದ ಸ್ತನ ಕ್ಯಾನ್ಸರ್ ಇರುವವರದು. ಆ ದಿನದ ಬಗ್ಗೆ ನಮ್ಮೂರಿನಲ್ಲಿ ಒಂದು ಬ್ಯಾನರನ್ನೂ ನಾನು ನೋಡಿಲ್ಲ.

ತಿರುಗಿ ಬಂದಿದ್ದು 2022ರಲ್ಲಿ. ಬೆನ್ನುನೋವು. ಐವತ್ತು ದಾಟಿದ, ದಿನವಿಡೀ ನಿಂತು ಪಾಠ ಮಾಡುವ ಹೆಂಗಸಿಗೆ ಬೆನ್ನುನೋವು ಅಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಒಬ್ಬ ಡಾಕ್ಟರು ಕ್ಯಾಲ್ಸಿಯಂ ಗುಳಿಗೆ, ಹಚ್ಚಿಕೊಳ್ಳುವ ಜೆಲ್ ಬರೆದುಕೊಟ್ಟರು. ಹಳೆಯ ಕಾಯಿಲೆ ಹೇಳಿದೆ. "ಅದು ಮುಗಿದು ಹೋಯ್ತಲ್ಲಮ್ಮ" ಅಂದರು. ಆದರೆ ಈ ನೋವಿನ ವರಸೆಯೇ ಬೇರೆ. ಸಾಮಾನ್ಯ ಬೆನ್ನುನೋವು ಮಲಗಿದರೆ ಕಡಿಮೆಯಾಗುತ್ತದೆ. ಇದು ಮಲಗಿದರೆ ಜಾಸ್ತಿ ಆಗುತ್ತಿತ್ತು, ರಾತ್ರಿ ಎಬ್ಬಿಸುತ್ತಿತ್ತು. ಸ್ತನ ಕ್ಯಾನ್ಸರ್ ಆಗಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ಸಾಲು ನೆನಪಿಡಿ. ವಾರಗಟ್ಟಲೆ ಬಿಡದ, ರಾತ್ರಿ ಹೆಚ್ಚಾಗುವ ನೋವು ಬಂದರೆ ಸೀದಾ ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗಿ. ಎಷ್ಟೇ ವರ್ಷ ಕಳೆದಿರಲಿ.

ವರ್ಷದ ಮಾತು ಯಾಕೆ ಹೇಳಿದೆ ಅಂದರೆ, ನನ್ನದು ಹಾರ್ಮೋನಿನಿಂದ ಬೆಳೆಯುವ ಜಾತಿಯ ಕ್ಯಾನ್ಸರ್. ಸ್ತನ ಕ್ಯಾನ್ಸರಿನಲ್ಲಿ ಇದೇ ಜಾಸ್ತಿ. ಇದು ನಿಧಾನಿ. ಸುಮ್ನೆ ಮಲಗಿದ್ದು ಹತ್ತು ವರ್ಷದ ಮೇಲೂ ಏಳುತ್ತದೆ. 2017ರಲ್ಲಿ ಇಂಥ 62 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಪ್ರಕಟವಾಯಿತು. ಎಲ್ಲರೂ ಐದು ವರ್ಷ ಹಾರ್ಮೋನ್ ಗುಳಿಗೆ ತಗೊಂಡು, ಕಾಯಿಲೆ ಇಲ್ಲದೆ ದಾಟಿದವರೇ. ಗಡ್ಡೆ ಚಿಕ್ಕದಿದ್ದು ಗಂಟಿಗೆ ಹೋಗದಿದ್ದವರಲ್ಲೂ, ಐದರಿಂದ ಇಪ್ಪತ್ತನೇ ವರ್ಷದೊಳಗೆ ನೂರಕ್ಕೆ 13 ಜನರಿಗೆ ದೇಹದ ಬೇರೆ ಕಡೆ ತಿರುಗಿ ಬಂದಿತ್ತು. ನನ್ನಂತೆ ಎರಡು ಸೆಂಟಿಮೀಟರ್ ದಾಟಿದ, ಒಂದರಿಂದ ಮೂರು ಗಂಟಿಗೆ ಹೋದವರಲ್ಲಿ ನೂರಕ್ಕೆ 26. ಇದು ಹೆದರಿಸಲು ಅಲ್ಲ. ನೂರಕ್ಕೆ 74 ಜನ ಆರಾಮಾಗಿದ್ದಾರಲ್ಲ. ಆದರೆ ಐದು ವರ್ಷ ದಾಟಿದರೆ ಗೆದ್ದಂತೆ ಅಂತ ವೇದಿಕೆಯಲ್ಲಿ ಹೇಳುತ್ತಾರಲ್ಲ, ಅದು ನಮ್ಮ ಜಾತಿಯ ಕ್ಯಾನ್ಸರಿಗೆ ಹೊಂದುವ ಮಾತಲ್ಲ.

ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳೇ ಕರೆದುಕೊಂಡು ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿದಳು. ವಿಜ್ಞಾನದ ಟೀಚರಿಗೆ ಅದು ಒಂಥರಾ ಪಾಠವೇ. ಗ್ಲೂಕೋಸಿಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿ ನರಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಜೀವಕೋಶಕ್ಕೆ ಸಕ್ಕರೆ ಆಸೆ ಜಾಸ್ತಿ, ಅದು ಎಳೆದುಕೊಳ್ಳುತ್ತದೆ, ಫೋಟೋದಲ್ಲಿ ಹೊಳೆಯುತ್ತದೆ. ಸೂಜಿ ಹಾಕಿದ ಮೇಲೆ ಒಂದು ಗಂಟೆ ಸುಮ್ಮನೆ ಕೂರಬೇಕು. ಮಾತಾಡಿದರೆ, ಕೈಕಾಲು ಆಡಿಸಿದರೆ ಆ ಸಕ್ಕರೆ ಸ್ನಾಯುಗಳಿಗೆ ಹೋಗಿಬಿಡುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆಸಿದ ಲೆಕ್ಕ: ಐದೂವರೆ ಗಂಟೆಯಲ್ಲಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಬಸುರಿಯರು, ಕೂಸುಗಳ ಹತ್ತಿರ ಹೋಗಬೇಡಿ ಅನ್ನುತ್ತಾರೆ. ಆ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ನಾನು ಇದೇ ಲೆಕ್ಕ ಮಾಡುತ್ತಾ ಕೂತಿದ್ದೆ. ಬೇರೆ ಏನು ಯೋಚಿಸಿದರೂ ಕಷ್ಟವಿತ್ತು.

ಬೆನ್ನುಮೂಳೆಯ ಎರಡು ಕಡೆ, ಸೊಂಟದ ಮೂಳೆಯ ಒಂದು ಕಡೆ ಹೊಳೆದಿತ್ತು. ಸೊಂಟದಿಂದ ಚೂರು ತೆಗೆದು ಬಯಾಪ್ಸಿ ಮಾಡಿದರು. "ಮೂಳೆ ಕ್ಯಾನ್ಸರ್ ಕೂಡ ಬಂತಾ?" ಅಂತ ಈಗಲೂ ಕೇಳುತ್ತಾರೆ. ಇಲ್ಲ. ಇದು ಮೂಳೆಗೆ ಹೋಗಿ ಕೂತಿರುವ ಸ್ತನ ಕ್ಯಾನ್ಸರ್. ಔಷಧಿಯೂ ಸ್ತನ ಕ್ಯಾನ್ಸರಿನದೇ. ಡಾಕ್ಟರಮ್ಮ ಮೊದಲ ದಿನವೇ ನೇರವಾಗಿ ಹೇಳಿದರು: "ಇದನ್ನು ಪೂರ್ತಿ ವಾಸಿ ಮಾಡೋಕೆ ಆಗಲ್ಲ. ಹಿಡಿದಿಡೋಕೆ ಆಗುತ್ತೆ. ಎಷ್ಟು ದಿನ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ." ಮಗಳು ಅತ್ತಳು. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ನನಗೆ ಮಾತ್ರ, ಬೆನ್ನುನೋವಿಗೆ ಒಂದು ಕಾರಣ ಸಿಕ್ಕಿತಲ್ಲ ಅಂತ ಸ್ವಲ್ಪ ಸಮಾಧಾನವೇ ಆಯಿತು. ವಿಚಿತ್ರ ಅನ್ನಿಸಬಹುದು.

ಬೆನ್ನಿಗೆ ಕರೆಂಟ್ ಕೊಟ್ಟರು, ನೋವು ಇಳಿಯಿತು. ಕೀಮೋ ಬೇಡ ಅಂದರು. ದಿನಾ ಒಂದು ಲೆಟ್ರೋಜೋಲ್, ಇದು ಹಾರ್ಮೋನ್ ಇಳಿಸುವ ಗುಳಿಗೆ. ಜೊತೆಗೆ ಪಾಲ್ಬೊಸಿಕ್ಲಿಬ್: 21 ದಿನ ನುಂಗಬೇಕು, ಏಳು ದಿನ ಬಿಡಬೇಕು. ಮೂಳೆ ಗಟ್ಟಿಯಿರಲಿ ಅಂತ ಜೊಲೆಡ್ರೊನಿಕ್ ಆಸಿಡ್ ಡ್ರಿಪ್. ಅದನ್ನು ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳುವ ಹಲ್ಲಿದ್ದರೆ ಕೀಳಿಸಿಕೊಂಡು ಬನ್ನಿ ಅಂದರು. ಆಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯ ಇದೆಯಂತೆ. ಬೆನ್ನಿನ ಕಾಯಿಲೆಗೆ ಹಲ್ಲು ಯಾಕೆ ಅಂತ ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ.

ಪಾಲ್ಬೊಸಿಕ್ಲಿಬ್ ಕಥೆ ನನಗೆ ಬಹಳ ಇಷ್ಟ. ಜೀವಕೋಶ ಒಂದು ಎರಡಾಗುವ ಮೊದಲು ಒಂದು ಬಾಗಿಲು ದಾಟಬೇಕು. ಆ ಬಾಗಿಲು ತೆಗೆಯುವ ಎರಡು ಪ್ರೋಟೀನುಗಳ ಕೈ ಕಟ್ಟಿಹಾಕುವುದು ಈ ಗುಳಿಗೆಯ ಕೆಲಸ. ಜೀವಕೋಶ ಹೇಗೆ ವಿಭಜನೆಯಾಗುತ್ತದೆ ಅಂತ ಕಂಡುಹಿಡಿದಿದ್ದಕ್ಕೆ ಹಾರ್ಟ್‌ವೆಲ್, ಹಂಟ್, ನರ್ಸ್ ಅನ್ನುವ ಮೂವರಿಗೆ 2001ರಲ್ಲಿ ನೊಬೆಲ್ ಬಂತು. ಅವರು ಕ್ಯಾನ್ಸರ್ ರೋಗಿಗಳನ್ನು ಇಟ್ಟುಕೊಂಡು ಶುರು ಮಾಡಿದವರಲ್ಲ. ಇಬ್ಬರು ಯೀಸ್ಟ್ ನೋಡುತ್ತಿದ್ದರು, ಒಬ್ಬರು ಸಮುದ್ರದ ಮುಳ್ಳುಜೀವಿಯ ಮೊಟ್ಟೆ ನೋಡುತ್ತಿದ್ದರು. "ಇದನ್ನೆಲ್ಲ ಓದಿ ಏನು ಪ್ರಯೋಜನ ಮಿಸ್?" ಅಂತ ಒಂಬತ್ತನೇ ಕ್ಲಾಸಿನ ಹುಡುಗರು ಕೇಳುತ್ತಾರೆ. ಬ್ಯಾಗಿನಿಂದ ಸ್ಟ್ರಿಪ್ ತೆಗೆದು ತೋರಿಸುತ್ತೇನೆ.

ಶುರುವಿನಲ್ಲಿ ಅದರ ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. ಎರಡು ಸೈಟಿನಲ್ಲಿ ಒಂದನ್ನು ಮಾರುವ ಮಾತಾಡಿದೆವು. 2023ರ ಜನವರಿಯಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿಯಿತು. ನಮ್ಮ ದೇಶದ ಕಂಪನಿಗಳು ತಯಾರಿಸಿದವು, ಬೆಲೆ ಕುಸಿಯಿತು. ಸೈಟು ಉಳಿಯಿತು. ಪೇಟೆಂಟ್ ಕಾನೂನಿನ ಬಗ್ಗೆ ನಮ್ಮ ಯಜಮಾನರಷ್ಟು ಗೌರವದಿಂದ ಮಾತಾಡುವವರು ಅರಸೀಕೆರೆಯಲ್ಲಿ ಇನ್ನೊಬ್ಬರಿಲ್ಲ.

ಈಗ ನಮ್ಮನೆ ಕ್ಯಾಲೆಂಡರ್ 28 ದಿನದ್ದು. ಹೊಸ ಸುತ್ತು ಶುರು ಮಾಡುವ ಮೊದಲು ರಕ್ತ ಪರೀಕ್ಷೆ. ಅದರಲ್ಲಿ ನಾನು ಮೊದಲು ನೋಡುವುದು ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ನಿಲ್ಲುವ ಬಿಳಿ ರಕ್ತಕಣ. ಸಾವಿರಕ್ಕಿಂತ ಕೆಳಗಿದ್ದರೆ ಗುಳಿಗೆ ಮುಂದೂಡುತ್ತಾರೆ. ಒಮ್ಮೆ ಹಾಗಾಗಿ, ಡೋಸನ್ನು 125ರಿಂದ 100 ಮಿಲಿಗ್ರಾಂಗೆ ಇಳಿಸಿದರು. ಬಿಪಿ, ಶುಗರ್ ಇದ್ದ ಹಾಗೆ ಅಂದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಗುಳಿಗೆ ನುಂಗುವುದರಲ್ಲಿ ಹೌದು. ಆದರೆ ಶುಗರ್ ಇರುವವರು ಮೂರು ನಾಲ್ಕು ತಿಂಗಳಿಗೊಮ್ಮೆ, ಈ ಔಷಧಿ ಇನ್ನೂ ಕೆಲಸ ಮಾಡುತ್ತಿದೆಯಾ ಅಂತ ಸ್ಕ್ಯಾನಿಗೆ ಹೋಗುವುದಿಲ್ಲವಲ್ಲ. ರಿಪೋರ್ಟ್ ಬರುವ ಹಿಂದಿನ ರಾತ್ರಿ ನಮ್ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಮಾಡಿದಂತೆ ನಟಿಸುತ್ತೇವೆ.

ಪಾಲ್ಬೊಸಿಕ್ಲಿಬ್ ಪ್ರಯೋಗದಲ್ಲಿ, ಲೆಟ್ರೋಜೋಲ್ ಜೊತೆ ಇದನ್ನೂ ತಗೊಂಡವರಲ್ಲಿ ಕಾಯಿಲೆ ಮತ್ತೆ ಬೆಳೆಯಲು ಹಿಡಿದ ಮಧ್ಯಾಂಕ ಕಾಲ ಸುಮಾರು 25 ತಿಂಗಳು. ಲೆಟ್ರೋಜೋಲ್ ಒಂದನ್ನೇ ತಗೊಂಡವರಲ್ಲಿ ಹದಿನಾಲ್ಕೂವರೆ. ಇದನ್ನು ಓದಿದಾಗ ಮಗಳು ಇಪ್ಪತ್ತೈದನ್ನು ನನ್ನ ಗಡುವು ಅಂದುಕೊಂಡಿದ್ದಳು. ಮಧ್ಯಾಂಕ ಅಂದರೆ ಅರ್ಧ ಜನ ಆ ಗೆರೆಯ ಈಚೆ, ಅರ್ಧ ಜನ ಆಚೆ ಅಂತ ಕೂರಿಸಿಕೊಂಡು ಹೇಳಿದೆ. ನಾನು ಆ ಗೆರೆ ದಾಟಿ ಬಹಳ ಕಾಲ ಆಯಿತು. ಇದು ಕೈಕೊಟ್ಟರೆ ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ಇದೆ, ತಿಂಗಳಿಗೊಮ್ಮೆ ಎರಡೂ ಕುಂಡಿಗೆ ಒಂದೊಂದು. ಜೀನ್ ಪರೀಕ್ಷೆ ಮಾಡಿ ಕೊಡುವ ಗುಳಿಗೆಗಳಿವೆ. ಡಾಕ್ಟರಮ್ಮ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಟ್ಟಿದ್ದಾರೆ. ಆ ಹಾಳೆ ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿದೆ.

ಬೆಂಗಳೂರಿಗೆ ರೈಲಿನಲ್ಲೇ ಹೋಗುವುದು. ಇದೂ ಬಹಳ ಜನಕ್ಕೆ ಗೊತ್ತಿಲ್ಲ: ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಬರುವವರಿಗೆ ನೂರಕ್ಕೆ 75. ಚೇರ್ ಕಾರಿನಲ್ಲಿ ಇಬ್ಬರಿಗೂ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ಬೇಕು. ನನಗೆ ಕೂದಲಿದೆ, ಮೈಕೈ ತುಂಬಿಕೊಂಡಿದ್ದೇನೆ. ಯಜಮಾನರು ಮೊದಲಿಂದಲೂ ಸಣಕಲು. ಆಸ್ಪತ್ರೆಗೆ ಹೊರಟಿದ್ದೇವೆ ಅಂದರೆ ಎದುರಿಗೆ ಕೂತವರು ಅವರನ್ನೇ ಪಾಪ ಅಂತ ನೋಡುತ್ತಾರೆ. ಒಬ್ಬ ಅಜ್ಜಿ ತಿಪಟೂರಿನಿಂದ ತುಮಕೂರಿನವರೆಗೆ ಅವರಿಗೆ ಧೈರ್ಯ ಹೇಳಿದರು. ಅವರು ತಲೆ ಆಡಿಸುತ್ತಾ ಕೇಳಿಸಿಕೊಂಡರು, ನಿಜ ಹೇಳಲಿಲ್ಲ. ಅಜ್ಜಿ ಕೊಟ್ಟ ಚಕ್ಕುಲಿಯನ್ನೂ ತಿಂದರು.

ಅತ್ತೆ ನಮ್ಮೂರ ಹತ್ತಿರದ ಬೆಟ್ಟದ ಮೇಲಿರುವ ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಹೊತ್ತಿದ್ದಾರೆ. ನನ್ನ ಬೆನ್ನಿಗೆ ಬೆಟ್ಟ ಹತ್ತುವುದು ಆಗದು. "ನೀನು ಗುಳಿಗೆ ತಗೋ ಕಣಮ್ಮ. ಹುಣ್ಣಿಮೆಗೆ ಬೆಟ್ಟ ನಿನ್ನ ಗಂಡ ಹತ್ತಲಿ" ಅಂತ ಕೆಲಸ ಹಂಚಿದ್ದಾರೆ. ಸಿದ್ದೇಶ್ವರನಾ, ಪಾಲ್ಬೊಸಿಕ್ಲಿಬ್ಬಾ ಅನ್ನುವ ವಾದ ನಮ್ಮನೆಯಲ್ಲಿ ಇಲ್ಲ. ಅತ್ತೆ ದಿನಾ ಊಟದ ತಟ್ಟೆಯ ಪಕ್ಕ ಗುಳಿಗೆ ಇಡುತ್ತಾರೆ, ಮರೆತೆ ಅಂದರೆ ಬೈಯುತ್ತಾರೆ.

ಇನ್ನು ನನ್ನನ್ನು ನೋಡಲು ಬರುವವರಿಗೆ ಎರಡು ಮಾತು. ಬನ್ನಿ, ನನಗೆ ಜನ ಬೇಕು. ನೆಗಡಿ, ಜ್ವರ ಇದ್ದರೆ ಮಾತ್ರ ವಾಸಿಯಾದ ಮೇಲೆ ಬನ್ನಿ, ನ್ಯೂಟ್ರೋಫಿಲ್ ಕಥೆ ಮೇಲೆ ಹೇಳಿದ್ದೇನೆ. ಯಾವಾಗ ಮುಗಿಯುತ್ತೆ ಅಂತ ಕೇಳುವ ಬದಲು ಈ ಸಲದ ರಿಪೋರ್ಟ್ ಹೇಗಿದೆ ಅಂತ ಕೇಳಿ, ಅದಕ್ಕೆ ಉತ್ತರ ಇದೆ. ಮತ್ತೆ ದೇವನಹಳ್ಳಿ ಕಡೆಯಿಂದ ಬರುವವರು ದಯವಿಟ್ಟು ಚಕ್ಕೋತ ತರಬೇಡಿ. ಪಾಲ್ಬೊಸಿಕ್ಲಿಬ್ ತಗೊಳ್ಳುವವರು ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಕಿತ್ತಳೆ ಜಾತಿಯ ದೊಡ್ಡ ಹಣ್ಣು) ತಿನ್ನಬಾರದು, ಚಕ್ಕೋತ ಅದರ ತಾಯಿ. ಕರುಳಿನಲ್ಲಿ ಔಷಧಿ ಒಡೆದುಹೋಗುವುದನ್ನು ತಡೆದು, ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತದೆ. ಕಳೆದ ಸಲ ಬಂದಿದ್ದ ಚಕ್ಕೋತವನ್ನೆಲ್ಲ ಯಜಮಾನರೇ ಮುಗಿಸಿದರು. ಮಾವಿನ ಹಣ್ಣಾದರೆ ತನ್ನಿ. ರಸಪುರಿ.