ಗಂಗಾಮೂಲದ ನಕ್ಷೆ: ಹಳ್ಳಗಳು ದಾರಿ ತಪ್ಪುವ ಜಾಗ

ನಾನು ಮಾಡುತ್ತಿರುವ ಕುದುರೆಮುಖದ ನಕ್ಷೆಯಲ್ಲಿ ಗುಡ್ಡಗಳ ಕೆಲಸ ಬಹುಮಟ್ಟಿಗೆ ಮುಗಿದಿದೆ, ನೀರಿನದು ಈಗ ಶುರು. 20 ಮೀಟರ್ ಅಂತರದ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಮೂಡಿವೆ. ಬೋಳು ನೆತ್ತಿಗಳಲ್ಲಿ ಅವು ಸರ್ವೇ ಆಫ್ ಇಂಡಿಯಾದ 1:50,000 ಹಾಳೆಯೊಂದಿಗೆ (ಟೋಪೋಶೀಟ್) ಚೆನ್ನಾಗಿಯೇ ಹೊಂದುತ್ತವೆ. ತಕರಾರೆಲ್ಲ ಕಣಿವೆಗಳದ್ದು.

ನೆಲದ ಎತ್ತರಕ್ಕೆ ಮೊದಲು ಬಳಸಿದ್ದು ಎಸ್‌ಆರ್‌ಟಿಎಂ ದತ್ತಾಂಶ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದದ್ದು. ಅದರ ಒಂದೊಂದು ಚೌಕದ ಬದಿ ಸುಮಾರು 30 ಮೀಟರ್, ಚೌಕಕ್ಕೊಂದು ಎತ್ತರ. ಕಾಡಿನ ಮೇಲೆ ಈ ಅಲೆಗಳು ನೆಲ ಮುಟ್ಟುವ ಮೊದಲೇ ಬಹುಪಾಲು ಎಲೆಗಳ ನಡುವಿನಿಂದ ಹಿಂದಿರುಗುತ್ತವೆ. ಬೇರೆ ಕಡೆಯಾದರೆ ಸಹಿಸಬಹುದಿತ್ತು. ಇಲ್ಲಿ ದಿಬ್ಬವೆಲ್ಲ ಹುಲ್ಲು, ಎರಡು ದಿಬ್ಬ ಕೂಡುವ ತಗ್ಗಿನಲ್ಲಿ ಶೋಲೆ ಎಂಬ ದಟ್ಟ ಕಾಡಿನ ತುಣುಕು, ಶೋಲೆಯೊಳಗೇ ಹಳ್ಳದ ಹುಟ್ಟು. ನೀರು ಹರಿಯಬೇಕಾದಲ್ಲೇ ನೆಲ ಉಬ್ಬಿದಂತಾಗಿ, ಕಂಪ್ಯೂಟರ್ ಎಳೆದ ಹಳ್ಳ ಕಾಡನ್ನು ಬಳಸಿಕೊಂಡು ಹುಲ್ಲಿನ ಮೇಲೆ ಇಳಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಈ ಏಣಿನಲ್ಲಿ (ಬೆಟ್ಟದ ನೆತ್ತಿಯ ಸಾಲಿನಲ್ಲಿ) ಅದು ಸಣ್ಣ ವಿಷಯವಲ್ಲ. ಒಂದು ಬದಿಯ ನೀರು ಕೂಡಲಿ, ಹಂಪಿ ದಾಟಿ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಯದು ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ. ಒಂದೆರಡು ಚೌಕ ಆಚೀಚೆಯಾದರೆ ಹಳ್ಳ ಸೇರುವ ಕಡಲೇ ಬೇರೆ!

ಬಳಿಕ ಯುರೋಪಿನ ಕೋಪರ್ನಿಕಸ್ ಯೋಜನೆಯ ಎತ್ತರದ ದತ್ತಾಂಶಕ್ಕೆ ಬದಲಾಯಿಸಿದೆ. ಏಣುಗಳು ಚೂಪಾದವು, ಶೋಲೆಯ ಉಬ್ಬು ಹೋಗಲಿಲ್ಲ. ಕೊನೆಗೆ ಬೇಸಿಗೆಯ ಉಪಗ್ರಹ ಚಿತ್ರ ನೆರವಾಯಿತು. ಆಗ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಶೋಲೆ ಮಾತ್ರ ಕಡು ಹಸಿರು. ಅಂಚು ಗುರುತಿಸುವುದು ಸುಲಭ. ಹುಲ್ಲು ಮುಗಿದು ಕಾಡು ತೊಡಗುವಲ್ಲಿ ಎತ್ತರ ಎಷ್ಟು ಜಿಗಿಯುತ್ತದೆಂದು ನೋಡಿ, ಅಷ್ಟನ್ನು ಆ ಶೋಲೆಯಿಂದ ಕಳೆದೆ. ಬಳಿಕ ಟೋಪೋಶೀಟಿನ ಹಳ್ಳಗಳ ಗುಂಟ ದತ್ತಾಂಶದ ನೆಲವನ್ನು ತಗ್ಗಿಸಿ ಹರಿವಿನ ಲೆಕ್ಕ ಓಡಿಸಿದೆ. ಭದ್ರೆಯ ಕಡೆಯ ತೊರೆಗಳು ಈಗ ಕಾಡಿನೊಳಗೇ ಇಳಿಯುತ್ತಿವೆ. ಕಾಡಿನ ಎತ್ತರವನ್ನು ಮೊದಲೇ ಕಳೆದ ಸಿದ್ಧ ದತ್ತಾಂಶವೂ ಸಿಗುತ್ತದೆ, ಆದರೆ ಶೋಲೆಗಳನ್ನು ಒಂದೊಂದಾಗಿ ನೋಡುವ ಸುಖ ಅದರಲ್ಲಿಲ್ಲ.

ಲಕ್ಯಾ ಅಣೆಕಟ್ಟಿನ ಹಿಂದೆ ಕುದುರೆಮುಖದ ಕಬ್ಬಿಣದ ಗಣಿಯ ಹೂಳು ತುಂಬಿದ ಸಮತಟ್ಟು. ಅಲ್ಲಿ ಯಾವ ಲೆಕ್ಕವೂ ನಂಬಿಕೆಗೆ ಯೋಗ್ಯವಲ್ಲ, ಕೈಯಿಂದಲೇ ಗೆರೆ ಎಳೆದೆ. ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಎಸ್‌ಆರ್‌ಟಿಎಂ ಅಳತೆ ಅದಕ್ಕೂ ಮೊದಲಿನದು, ಕೋಪರ್ನಿಕಸ್‌ನದು 2011ರಿಂದ 2015ರ ನಡುವಿನದು. ಒಂದರಿಂದ ಇನ್ನೊಂದನ್ನು ಕಳೆದರೆ ಗುಡ್ಡ ಕರಗಿದ ಜಾಗ ಎದ್ದು ಕಾಣುತ್ತದೆ. ಅದು ಪ್ರತ್ಯೇಕ ನಕ್ಷೆಯಾಗಬೇಕು, ಇದರಲ್ಲಿ ತುರುಕುವುದಿಲ್ಲ.

ಬಾಕಿ ಇರುವುದು ನೇತ್ರಾವತಿಯ ಕಡೆಯ ಘಟ್ಟದ ಇಳಿಜಾರು. ಅಲ್ಲಿ ಕೆಳಗಿಳಿದಂತೆ ಹುಲ್ಲೇ ಇಲ್ಲ, ಎಡೆಬಿಡದ ಕಾಡು. ಅಂಚೇ ಇಲ್ಲದಿದ್ದರೆ ಜಿಗಿತವನ್ನು ಅಳೆಯುವುದೆಲ್ಲಿ? ರಸ್ತೆಯ ಸೀಳುಗಳಲ್ಲಿ ಪ್ರಯತ್ನಿಸುವ ಯೋಚನೆಯಿದೆ, ಆದರೆ 30 ಮೀಟರ್ ಚೌಕಕ್ಕೆ ಆ ರಸ್ತೆಗಳು ತೀರಾ ಕಿರಿದು.