ಸೊನ್ನೆಯ ಜಾಗದಲ್ಲಿ ಕೂತ ಸಂಖ್ಯೆ

"ಸೊನ್ನೆ ತಾನೇ ಸರ್, ಅಲ್ಲಿ ಕಾಣದಷ್ಟು ಚಿಕ್ಕ ಸಂಖ್ಯೆಯೊಂದನ್ನು ಇಟ್ಟರೆ ಏನಾಗುತ್ತದೆ?" ಎಂದು ಮಂಗಳವಾರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ, ವಾರ ಮುಗಿಯುತ್ತ ಬಂದರೂ ನನ್ನನ್ನು ಬಿಟ್ಟಿಲ್ಲ. 5 ವೋಲ್ಟಿನ ಬ್ಯಾಟರಿಗೆ 1000 ಓಮಿನ ರೋಧಕ ಜೋಡಿಸಿದ ವಿದ್ಯುನ್ಮಂಡಲದ ಲೆಕ್ಕ ಬಿಡಿಸಿದ ಅವಳ ಪ್ರೋಗ್ರಾಂ, ವೋಲ್ಟೇಜ್ 5, ಕರೆಂಟ್ 0 ಎಂದು ತೋರಿಸುತ್ತಿತ್ತು. 5 ಮಿಲಿಆಂಪಿಯರ್ ಎಲ್ಲಿ ಹೋಯಿತು?

ಬ್ಯಾಟರಿಯ ಸಮೀಕರಣದಲ್ಲಿ ಕರೆಂಟಿನ ಸುದ್ದಿಯೇ ಇರುವುದಿಲ್ಲವಾದ್ದರಿಂದ ಸಮೀಕರಣಗಳ ಅಂಕಿಗಳನ್ನು ಸಾಲುಸಾಲಾಗಿ ಜೋಡಿಸಿದ ಮಾತೃಕೆಯ ಕರ್ಣದಲ್ಲಿ, ಅಂದರೆ ಎಡ ಮೇಲಿನಿಂದ ಬಲ ಕೆಳಗಿನವರೆಗಿನ ಓರೆಗೆರೆಯಲ್ಲಿ, ಸೊನ್ನೆ ಬಂದು ಕೂರುತ್ತದೆ. ಆ ಸಾಲು ಕೊನೆಯಲ್ಲಿದ್ದಿದ್ದರೆ ಒಂದು ಸಾಲನ್ನು ಗುಣಿಸಿ ಇನ್ನೊಂದರಿಂದ ಕಳೆಯುವ ಮೊದಲ ವಿಲೋಪನದಲ್ಲೇ ಸೊನ್ನೆಯ ಜಾಗಕ್ಕೆ −1000 ಬಂದು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಅವಳು ಅದನ್ನು ಮೊದಲಿಗೇ ಇಟ್ಟಿದ್ದಳು. ಎಲ್‌ಯು ವಿಭಜನೆ, ಅಂದರೆ ಇಂಥ ವಿಲೋಪನದಿಂದಲೇ ಸಮೀಕರಣ ಬಿಡಿಸುವ ವಿಧಾನ, ಸೊನ್ನೆಯಿಂದ ಭಾಗಿಸಲು ಹೋಗಿ ಮುಗ್ಗರಿಸಿದಾಗ ಅಲ್ಲಿ 10⁻²⁰ ತುಂಬಿದ್ದಳು.

ಮೊದಲ ಸಾಲನ್ನು 10²⁰ರಿಂದ ಗುಣಿಸಿ ಎರಡನೆಯದರಿಂದ ಕಳೆಯುವಾಗ, ಸುಮಾರು 16 ಅಂಕಿಗಳನ್ನಷ್ಟೇ ಹಿಡಿದಿಡಬಲ್ಲ ಯಂತ್ರದಲ್ಲಿ 0.001 (1/1000) ಎಂಬ ರೋಧಕದ ಪಾಲು ಅಳಿಸಿಹೋಗುತ್ತದೆ. ಅಂದರೆ ರೋಧಕವೇ ಮಂಡಲದಿಂದ ಮಾಯವಾಗುತ್ತದೆ. ಉತ್ತರ ಅರ್ಧ ಸರಿಯಿದ್ದುದೇ ನನ್ನನ್ನು ಹೆದರಿಸಿತು. ನನ್ನ ಸಹೋದ್ಯೋಗಿಯೊಬ್ಬರು ಆ 5 ನೋಡಿ ಸಹಿಯನ್ನೂ ಹಾಕಿಬಿಟ್ಟಿದ್ದರು. ಒಳ್ಳೆಯ ಮನುಷ್ಯ, ಸಹಿಯ ವಿಷಯದಲ್ಲಿ ಮಾತ್ರ ತುಸು ಧಾರಾಳಿ.

ಸಾಲುಗಳನ್ನು ಅದಲುಬದಲು ಮಾಡು ಎಂದೆ. ಮಾಡಿದಳು, 5 ಮಿಲಿಆಂಪಿಯರ್ ಹಾಜರಾಯಿತು. ಆದರೆ "ಇಟ್ಟರೆ ಏನಾಗುತ್ತದೆ?" ಎಂಬುದಕ್ಕೆ ಅದು ಉತ್ತರವಲ್ಲವೆಂದು ರಾತ್ರಿ ಹೊಳೆಯಿತು. ಅನೇಕ ಪ್ರೊಸೆಸರ್‌ಗಳ ಮೇಲೆ ಓಡುವ ಸೂಪರ್‌ಎಲ್‌ಯು-ಡಿಸ್ಟ್ ತಂತ್ರಾಂಶ, ನಡುದಾರಿಯಲ್ಲಿ ಸಾಲು ಬದಲಿಸುವುದು ದುಬಾರಿಯೆಂದು, ದೊಡ್ಡ ಸಂಖ್ಯೆಗಳನ್ನು ಮೊದಲೇ ಕರ್ಣಕ್ಕೆ ತಂದಿಟ್ಟುಕೊಂಡು, ಆಮೇಲೂ ತೀರ ಚಿಕ್ಕ ಪಿವಟ್ (ಭಾಗಿಸಲು ಬಳಸುವ ಕರ್ಣದ ಸಂಖ್ಯೆ) ಎದುರಾದರೆ ಅವಳಂತೆಯೇ ಬೇರೊಂದು ಸಂಖ್ಯೆಯನ್ನು ತುಂಬಬಲ್ಲದು. ಆ ಸಂಖ್ಯೆ 10⁻²⁰ ಅಲ್ಲ, ಮಾತೃಕೆಯಲ್ಲಿನ ಸಂಖ್ಯೆಗಳ ಗಾತ್ರಕ್ಕೆ ಹೋಲಿಸಿದರೆ ಸುಮಾರು 10⁻⁸. ನಂತರ ಉಳಿದ ದೋಷವನ್ನು ಲೆಕ್ಕಹಾಕಿ ಉತ್ತರವನ್ನು ತಿದ್ದಬೇಕು. ನಾನೂ ಅವಳ ಪ್ರೋಗ್ರಾಮಿನಲ್ಲಿ 10⁻⁸ ಇಟ್ಟು ನೋಡಿದೆ. ತಿದ್ದುವ ಮೊದಲೇ ಕರೆಂಟಿನ ಮೊದಲ ಕೆಲವು ಅಂಕಿಗಳು ಸರಿಯಾಗಿ ಬಂದವು. ಚಿಕ್ಕದಾದಷ್ಟೂ ಒಳ್ಳೆಯದೆಂಬ ಅವಳ ಊಹೆಯೊಂದೇ ತಪ್ಪಿತ್ತು.

ಆ ಊಹೆಗಾಗಿ ಅವಳನ್ನು ದೂರಲಾರೆ. "ಕರ್ಣದಲ್ಲಿ ಸೊನ್ನೆಯಿಲ್ಲವೆಂದು ಇಟ್ಟುಕೊಳ್ಳೋಣ" ಎಂದು ವರ್ಷಗಳಿಂದ ಹಲಗೆಯ ಮೇಲೆ ಬರೆದು ಮುಂದೆ ಹೋದವನು ನಾನೇ. ಪರೀಕ್ಷೆಗೆ ಲೆಕ್ಕ ಕಟ್ಟುವಾಗಲೂ 2, 3, 4ರಂಥ ಸಭ್ಯ ಅಂಕಿಗಳನ್ನೇ ಅಲ್ಲಿ ಕೂರಿಸುತ್ತೇನೆ. ಮುಂದಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಈಗ ಮೇಜಿನ ಮೇಲಿದೆ. ಮೂರನೆಯ ಲೆಕ್ಕದ ಮೊದಲ 2 ಅನ್ನು ಹೊಡೆದು ಸೊನ್ನೆ ಬರೆದಿದ್ದೇನೆ.