ಅಷ್ಟು ಒಳ್ಳೆಯ ವಿಮಾನವಾದರೆ ನಿಲ್ಲಿಸಿದ್ದೇಕೆ?

ಈ ಪ್ರಶ್ನೆಯನ್ನು ನನಗೆ ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಕಚೇರಿಯ ಕ್ಯಾಂಟೀನಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ವೈದ್ಯರೊಬ್ಬರು ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದ್ದರು. ನನ್ನ ಮೊಬೈಲಿನ ಹಿಂಬದಿಗೆ ಬೋಯಿಂಗ್ 747ರ ಚಿತ್ರ ಅಂಟಿಸಿಕೊಂಡಿರುವುದೇ ಇದಕ್ಕೆಲ್ಲ ಮೂಲ. ಜಂಬೋ ಜೆಟ್ ಅಂದರೆ ಎಲ್ಲರಿಗೂ ಗೊತ್ತು. ಅದರ ತಯಾರಿಕೆ ನಿಂತುಹೋಗಿದೆ ಎಂದರೆ ಹುಬ್ಬೇರಿಸುತ್ತಾರೆ, ಆಮೇಲೆ ಈ ಪ್ರಶ್ನೆ.

ಎಲ್ಲರಿಗಿಂತ ಹಟ ಹಿಡಿದು ಕೇಳಿದವರು ನಮ್ಮ ಭಾವ. ತುಮಕೂರಿನಲ್ಲಿ ನಾಲ್ಕು ಲಾರಿ ಇಟ್ಟುಕೊಂಡಿದ್ದಾರೆ. 2023ರ ಫೆಬ್ರವರಿ 1ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ನಾನು ಅವರ ಮನೆಯ ನಡುಮನೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಬೋಯಿಂಗ್ ಕಾರ್ಖಾನೆ ಇರುವ ಅಮೆರಿಕದ ಎವೆರೆಟ್‌ನಲ್ಲಿ ಆಗ ಜನವರಿ 31ರ ಮಧ್ಯಾಹ್ನ. 1574ನೆಯ 747, ಅಂದರೆ ಕಟ್ಟಕಡೆಯದು, ಅಟ್ಲಾಸ್ ಏರ್ ಎಂಬ ಸರಕು ಸಾಗಣೆ ಕಂಪನಿಗೆ ಹಸ್ತಾಂತರವಾಗುತ್ತಿತ್ತು. ಕಾರ್ಖಾನೆಯ ಸಾವಿರಾರು ಕೆಲಸಗಾರರು ನೆರೆದಿದ್ದರು. ಹುಬ್ಬಳ್ಳಿಗೆ ಹೊರಟ ಲಾರಿಯ ಚಾಲಕನಿಗೆ ಫೋನ್ ಮಾಡಲೆಂದು ಎದ್ದ ಭಾವ ನನ್ನ ಮುಖ ನೋಡಿ ಗಾಬರಿಯಾದರು. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡರಂತೆ.

"ಐವತ್ತು ವರ್ಷ ಓಡಿದ ಗಾಡಿ ಅನ್ನುತ್ತೀಯ, ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅನ್ನುತ್ತೀಯ. ಹಾಗಾದರೆ ನಿಲ್ಲಿಸಿದ್ದೇಕೆ?" ಎಂದರು.

ಅವತ್ತು ನಾನು ಸರಿಯಾಗಿ ಉತ್ತರಿಸಲಿಲ್ಲ. "ಕಾಲ ಬದಲಾಯಿತು ಭಾವ" ಎಂದು ತೇಲಿಸಿಬಿಟ್ಟೆ. ಅದು ಉತ್ತರವಲ್ಲ. ಉತ್ತರ ಆ ವಿಮಾನದ ಹೆಗಲ ಮೇಲೆಯೇ ಇದೆ, ಹೋರಿಯ ಹಿಣಿಲಿನ ಹಾಗೆ ಉಬ್ಬಿಕೊಂಡು.

ಆ ಉಬ್ಬನ್ನು ನೋಡಿದವರೆಲ್ಲ ಅದು ಐಷಾರಾಮಕ್ಕೆ ಎಂದುಕೊಳ್ಳುತ್ತಾರೆ. ಮೇಲಂತಸ್ತು, ಸುರುಳಿ ಮೆಟ್ಟಿಲು, ಶ್ರೀಮಂತರು ಗ್ಲಾಸು ಹಿಡಿದು ಕೂರುವ ಜಾಗ. ಎಪ್ಪತ್ತರ ದಶಕದ ಜಾಹೀರಾತುಗಳು ಹಾಗೆಯೇ ತೋರಿಸಿದವು. ನಿಜ ಸಂಗತಿ ಬೇರೆ. 1966ರಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಪ್ಯಾನ್ ಆಮ್ 25 ವಿಮಾನಗಳಿಗೆ ಬೇಡಿಕೆ ಕೊಟ್ಟಾಗ, ಈ ವಿಮಾನಕ್ಕೆ ಪ್ರಯಾಣಿಕರ ಆಯಸ್ಸು ಬಹಳ ಇಲ್ಲವೆಂದೇ ಕೊಂಡವರೂ ಕಟ್ಟಿದವರೂ ನಂಬಿದ್ದರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳು ಇನ್ನೇನು ಬಂದೇಬಿಡುತ್ತವೆ, ಜನ ಅದರಲ್ಲಿ ಹೋಗುತ್ತಾರೆ, ಈ ದೊಡ್ಡ ದೇಹಕ್ಕೆ ಉಳಿಯುವುದು ಸರಕು ಹೊರುವ ಕೆಲಸ ಎಂಬ ಲೆಕ್ಕ. ಸರಕು ಹೊರಬೇಕಾದರೆ ಮೂಗು ಬಾಗಿಲಿನಂತೆ ತೆರೆಯಬೇಕು. ಮೂಗು ತೆರೆಯಬೇಕಾದರೆ ಪೈಲಟ್ ಅಲ್ಲಿ ಕೂರುವಂತಿಲ್ಲ. ಹಾಗಾಗಿ ಕಾಕ್‌ಪಿಟ್ ಅನ್ನು ಎತ್ತಿ ಮೇಲಿಟ್ಟರು. ಅದರ ಹಿಂದೆ ಗಾಳಿ ಸಲೀಸಾಗಿ ಜಾರಿಹೋಗಲೆಂದು ಇಳಿಜಾರು ಕೊಟ್ಟರು. ಆ ಇಳಿಜಾರಿನ ಕೆಳಗೆ ಸಿಕ್ಕ ಜಾಗವೇ ಶ್ರೀಮಂತರ ಕೋಣೆಯಾಯಿತು.

ದೇಹದ ಅಗಲದ ಕಥೆಯೂ ಇದೇ. ಪ್ಯಾನ್ ಆಮ್‌ನ ಮುಖ್ಯಸ್ಥ ಹ್ವಾನ್ ಟ್ರಿಪ್‌ಗೆ ಬೇಕಾಗಿದ್ದುದು ಎರಡಂತಸ್ತಿನ, ಸಪೂರವಾದ ವಿಮಾನ. ಬೋಯಿಂಗ್‌ನ ಮುಖ್ಯ ಎಂಜಿನಿಯರ್ ಜೋ ಸಟ್ಟರ್ ಒಪ್ಪಲಿಲ್ಲ. ಎಂಟು ಅಡಿ ಅಗಲದ ಎರಡು ಸರಕು ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ ಹಿಡಿಸುವಷ್ಟು ಅಗಲವಾದ ಒಂದೇ ಮಹಡಿ ಸಾಕು ಎಂದರು. ಆ ಪೆಟ್ಟಿಗೆಗಳ ಅಳತೆಯಿಂದಲೇ ಸುಮಾರು ಇಪ್ಪತ್ತು ಅಡಿ ಅಗಲದ ಒಳಾಂಗಣ ಬಂತು. ಪ್ರಯಾಣಿಕರಿಗೆ ಎರಡು ಓಣಿಗಳು ಸಿಕ್ಕವು. ಇವತ್ತು ದೊಡ್ಡ ವಿಮಾನಗಳಲ್ಲಿ ನಾವು ಕಾಲಾಡಿಸಿಕೊಂಡು ಬರಲು ಎರಡು ದಾರಿ ಇರುವುದು ಯಾರೂ ಹತ್ತದ ಪೆಟ್ಟಿಗೆಗಳ ದಯೆಯಿಂದ. ಇದನ್ನು ಹೇಳಿದಾಗ ಭಾವನ ಮುಖ ಅರಳಿತು. ಲಾರಿಯ ಬಾಡಿ ಕಟ್ಟಿಸುವಾಗ ಅವರೂ ಮೊದಲು ಲೋಡ್ ಅಳೆಯುತ್ತಾರೆ, ಆಮೇಲೆ ಉಳಿದದ್ದು.

ಮುಂದಾದದ್ದು ತಮಾಷೆ. ಬೋಯಿಂಗ್‌ನದೇ ಶಬ್ದಾತೀತ ವಿಮಾನದ ಯೋಜನೆಗೆ 1971ರಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು. ಯುರೋಪಿನ ಕಾಂಕಾರ್ಡ್ ಹಾರಿತು, ಆದರೆ ಕಟ್ಟಿದ್ದು ಒಟ್ಟು 20, ಅದೂ 2003ರಲ್ಲಿ ಮನೆ ಸೇರಿತು. ನಾಲ್ಕು ದಿನ ಇದ್ದು ಹೋಗಲೆಂದು ಬಂದ ಜಂಬೋ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು. 1970ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಅದರ ಮೊದಲ ಪ್ರಯಾಣ. ಹೊರಡುವ ಹೊತ್ತಿಗೆ ಎಂಜಿನ್ ಬಿಸಿಯೇರಿ ಕೈಕೊಟ್ಟಿತು. ಬೇರೊಂದು ವಿಮಾನ ತಂದು, ಜನರನ್ನು ಅದಕ್ಕೆ ಹತ್ತಿಸಿ, ಸರಿರಾತ್ರಿ ಕಳೆದ ಮೇಲೆ ಹೊರಡಿಸಿದರು. ಹೊಸ ಸೊಸೆ ಮೊದಲ ದಿನವೇ ಹಾಲು ಉಕ್ಕಿಸಿದ ಹಾಗೆ.

ಆ ಬಿಸಿಯೇರಿದ ಎಂಜಿನ್‌ನಲ್ಲೇ ಇದೆ ಉತ್ತರದ ಇನ್ನೊಂದು ಅರ್ಧ. ಅಷ್ಟು ದೊಡ್ಡ ದೇಹ ಎತ್ತಲು ಅಗಲ ಬಾಯಿಯ, ಕಡಿಮೆ ಇಂಧನದಲ್ಲಿ ಹೆಚ್ಚು ಗಾಳಿ ನೂಕುವ ಹೊಸ ಬಗೆಯ ಎಂಜಿನ್ ಬೇಕಾಯಿತು. ಪ್ರ್ಯಾಟ್ ಆಂಡ್ ವಿಟ್ನಿಯವರು ಜೆಟಿ9ಡಿ ಎಂಬುದನ್ನು ಮಾಡಿದರು. ಒಂದೊಂದರ ನೂಕುಬಲ ಸುಮಾರು 43,500 ಪೌಂಡ್, ನಾಲ್ಕೂ ಸೇರಿದರೆ 1,74,000. ಆ ತಲೆಮಾರಿನಲ್ಲಿ ಹುಟ್ಟಿದ ಅಗಲ ಬಾಯಿಯ ಎಂಜಿನ್‌ಗಳು ಬೆಳೆಯುತ್ತ ಹೋದವು. ಬೋಯಿಂಗ್‌ನದೇ ಎರಡು ಎಂಜಿನ್‌ನ 777-300ಇಆರ್ ವಿಮಾನಕ್ಕೆ ಹಾಕುವ ಜಿಇ90 ಎಂಜಿನ್ ಒಂದೇ 1,15,000 ಪೌಂಡ್ ನೂಕುತ್ತದೆ. ಎರಡು ಸೇರಿದರೆ 2,30,000. ಹಳೆಯ ಜಂಬೋದ ನಾಲ್ಕು ಎಂಜಿನ್‌ಗಳು ಮಾಡುತ್ತಿದ್ದುದಕ್ಕಿಂತ ಹೆಚ್ಚು! ತನಗಾಗಿ ಕಂಡುಕೊಂಡ ವಿದ್ಯೆಯೇ ಬೆಳೆದು ತನ್ನನ್ನು ಮನೆಗೆ ಕಳಿಸಿತು.

ಕಾನೂನೂ ಸಡಿಲವಾಯಿತು. ಮೊದಲೆಲ್ಲ ಎರಡು ಎಂಜಿನ್‌ನ ವಿಮಾನ ಯಾವುದಾದರೂ ನಿಲ್ದಾಣದಿಂದ ಅರವತ್ತು ನಿಮಿಷಕ್ಕಿಂತ ದೂರ ಹೋಗುವಂತಿರಲಿಲ್ಲ. ಒಂದು ಕೆಟ್ಟರೆ ಇನ್ನೊಂದರಲ್ಲಿ ತಲುಪಬೇಕಲ್ಲ. ಹಾಗಾಗಿ ಸಾಗರ ದಾಟಲು ನಾಲ್ಕೋ ಮೂರೋ ಎಂಜಿನ್ ಬೇಕಿತ್ತು. 1985ರಲ್ಲಿ ಆ ಮಿತಿ 120 ನಿಮಿಷಕ್ಕೆ, ಆಮೇಲೆ 180ಕ್ಕೆ ಏರಿತು. ಎಂಜಿನ್‌ಗಳು ಅಷ್ಟು ನಂಬಿಕಸ್ಥವಾಗಿದ್ದವು. ಅಲ್ಲಿಗೆ ಸಾಗರದ ಮೇಲೆ ಜಂಬೋದಂಥ ಹೆಚ್ಚು ಎಂಜಿನ್‌ನ ವಿಮಾನಗಳಿಗಿದ್ದ ಹಿಡಿತ ಮುಗಿಯಿತು.

"ನಾಲ್ಕು ಎಂಜಿನ್‌ನ ಖರ್ಚು, ಸೀಟು ತುಂಬದಿದ್ದರೆ ನಷ್ಟ" ಎಂದೆ ಭಾವನಿಗೆ. ಅವರಿಗೆ ಮುಂದೆ ವಿವರಿಸಬೇಕಾಗಲಿಲ್ಲ. "ರಿಟರ್ನ್ ಲೋಡ್ ಸಿಗದಿದ್ದರೆ ಹದಿನಾರು ಚಕ್ರದ ಗಾಡಿಗಿಂತ ಹತ್ತು ಚಕ್ರದ್ದೇ ವಾಸಿ" ಎಂದರು. ಏರ್‌ಬಸ್‌ನವರು ಇದಕ್ಕಿಂತ ದೊಡ್ಡ ಎ380 ಮಾಡಿದರು. 251 ವಿಮಾನಗಳಿಗೆ ಅದು 2021ರಲ್ಲಿ ನಿಂತಿತು, ಜಂಬೋಗಿಂತ ಮೊದಲೇ. ಬೆಂಗಳೂರಿಗೆ 2022ರ ಅಕ್ಟೋಬರಿನಿಂದ ಎಮಿರೇಟ್ಸ್‌ನ ಎ380 ಬರತೊಡಗಿದಾಗ ನಾನೂ ಹೋಗಿ ನೋಡಿದೆ. ದೊಡ್ಡದೇನೋ ಹೌದು. ಆದರೆ ಹಣೆ ಉಬ್ಬಿದ ಆ ಮುಖಕ್ಕೆ ಯಾರೂ ಪ್ರೇಮಪತ್ರ ಬರೆಯಲಾರರು. ಇದು ನನ್ನ ಪಕ್ಷಪಾತ, ಒಪ್ಪಿಕೊಳ್ಳುತ್ತೇನೆ.

ನಮ್ಮ ದೇಶದವರಿಗೆ ಈ ವಿಮಾನದ ಮೇಲೆ ಇರುವ ಮೋಹಕ್ಕೆ ಬೇರೆಯೇ ಕಾರಣವಿದೆ. 1971ರ ಏಪ್ರಿಲಿನಲ್ಲಿ ಏರ್ ಇಂಡಿಯಾಕ್ಕೆ ಮೊದಲ 747 ಬಂತು, ಹೆಸರು 'ಎಂಪರರ್ ಅಶೋಕ'. ಆಗ ಸಂಸ್ಥೆಯ ಅಧ್ಯಕ್ಷರು ಜೆ. ಆರ್. ಡಿ. ಟಾಟಾ. ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆಗಳ ಝರೋಖಾದಂತೆ ಕೆಂಪು ಕಮಾನು ಬರೆಸಿದ್ದರು. ಹೊರಗಿನಿಂದ ನೋಡಿದರೆ ಸಾಲು ಸಾಲು ಕಿಟಕಿಯ ಅರಮನೆಯೇ ಹಾರಿದ ಹಾಗೆ. ಗಾಳಿಗೆ ಕಮಾನು ಬೇಕಿಲ್ಲ, ಇಂಧನ ಅದರಿಂದ ಉಳಿಯುವುದಿಲ್ಲ, ಆದರೂ ಒಂದೊಂದು ಕಿಟಕಿಗೂ ಯಾರೋ ಬಣ್ಣ ಹಚ್ಚಿದ್ದರು. ಮುಂದಿನವಕ್ಕೂ ದೊರೆಗಳ ಹೆಸರೇ: ಷಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್. ಒಂದರ ಹೆಸರು ಕೃಷ್ಣದೇವರಾಯ. ಹಂಪಿಯ ದೊರೆ ನ್ಯೂಯಾರ್ಕಿಗೆ ಹೋಗಿ ಬಂದು ಮಾಡುತ್ತಿದ್ದ ಎಂಬುದು ನಮ್ಮ ಎಷ್ಟು ಜನರಿಗೆ ಗೊತ್ತು?

ಆ ದೊರೆಗಳಲ್ಲಿ ಇಬ್ಬರು ಮರಳಿ ಬರಲಿಲ್ಲ. 1978ರ ಹೊಸವರ್ಷದ ರಾತ್ರಿ ಅಶೋಕ ಮುಂಬಯಿಯಿಂದ ದುಬೈಗೆ ಹೊರಟು, ಬಾಂದ್ರಾ ತೀರದಾಚೆ ಸಮುದ್ರಕ್ಕೆ ಬಿತ್ತು, 213 ಜನ. ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಉಪಕರಣ ಕೈಕೊಟ್ಟಿತ್ತು, ಕೆಳಗೆ ಕತ್ತಲ ಸಮುದ್ರದಲ್ಲಿ ದಿಗಂತವೇ ಕಾಣುತ್ತಿರಲಿಲ್ಲ. 1985ರ ಜೂನ್ 23ರಂದು ಐರ್ಲೆಂಡಿನ ಕರಾವಳಿಯಾಚೆ ಕನಿಷ್ಕ ಬಾಂಬಿಗೆ ಛಿದ್ರವಾಯಿತು, 329 ಜನ. ಜಂಬೋವನ್ನು ಹೊಗಳುವಾಗ ಈ ಎರಡನ್ನು ಬಿಟ್ಟು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೇ ವಿಮಾನದಲ್ಲಿ ಅಷ್ಟು ಜನ ಹತ್ತಬಹುದು ಎಂಬುದಕ್ಕೆ ಆ ಮುಖವೂ ಇದೆ.

ಇನ್ನೊಂದು ಮುಖವೂ ಇದೆಯೆನ್ನಿ. 2020ರ ಫೆಬ್ರವರಿ 1ರಂದು ವುಹಾನ್‌ನಿಂದ 324 ಭಾರತೀಯರನ್ನು ದೆಹಲಿಗೆ ಕರೆತಂದದ್ದು ಏರ್ ಇಂಡಿಯಾದ ಹಳೆಯ 747. ಮುಖಗವಸು ಎಂಬ ಪದ ನಮ್ಮ ಬಾಯಿಗೆ ಇನ್ನೂ ಹತ್ತಿರಲಿಲ್ಲ.

ಕೊನೆಯ ಸಾಲಿನ ಜಂಬೋಗಳಿಗೆ ದೊರೆಗಳ ಬದಲು ಊರುಗಳ ಹೆಸರಿಟ್ಟಿದ್ದರು. ಅವುಗಳಲ್ಲಿ 'ಆಗ್ರಾ' 2024ರ ಏಪ್ರಿಲ್ 22ರಂದು ಮುಂಬಯಿ ಬಿಟ್ಟಿತು. ಅಮೆರಿಕಕ್ಕೆ, ಬಿಡಿಭಾಗಗಳಾಗಲು. ರನ್‌ವೇ ಬಿಟ್ಟು ಮೇಲೆದ್ದದ್ದೇ ಪೈಲಟ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ವಾಲಿಸಿದರು. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಹೇಳುವುದಿಲ್ಲ. ಗಂಡನ ಮನೆಗೆ ಹೊರಟ ಹುಡುಗಿ ಬಸ್ಸಿನ ಕಿಟಕಿಯಿಂದ ಕೈಬೀಸಿದಂತಿತ್ತು ಎಂದು ನಮ್ಮಕ್ಕ ಹೇಳಿದಳು. ಅಲ್ಲ, ಗುಜರಿಗೆ ಹೊರಟದ್ದು ಎಂದೆ. ಆ ಮೇಲೆ ಅವಳು ಒಂದು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಜಂಬೋವನ್ನು ಹತ್ತಿರದಿಂದ ಕಂಡದ್ದು ದೇವನಹಳ್ಳಿಯಲ್ಲಿ. ಲುಫ್ತಾನ್ಸಾದವರು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ 747 ಹಾರಿಸುತ್ತಿದ್ದರು. ಅದು ಇಳಿಯುತ್ತಿದ್ದುದು ನಡುರಾತ್ರಿ ಕಳೆದ ಮೇಲೆ. ಗೆಳೆಯನೊಬ್ಬನ ಬೈಕಿನಲ್ಲಿ ಹೋಗಿ, ಕಾಂಪೌಂಡಿನಿಂದ ದೂರದ ದ್ರಾಕ್ಷಿ ತೋಟವೊಂದರ ಬದುವಿನ ಮೇಲೆ ಕೂತಿದ್ದೆವು. ಮೊದಲು ಕಂಡದ್ದು ದೀಪ. ಅಲುಗಾಡದೆ ಒಂದೇ ಕಡೆ ನಿಂತ ನಕ್ಷತ್ರದಂತೆ ಬಹಳ ಹೊತ್ತು ಇತ್ತು. ಆಮೇಲೆ ಒಂದು ಎರಡಾಯಿತು, ಎರಡು ನಾಲ್ಕಾಯಿತು. ತೋಟದ ನಾಯಿ ನಮಗಿಂತ ಮೊದಲು ಎದ್ದು ನಿಂತಿತು. ಸದ್ದು ಬಂದದ್ದು ವಿಮಾನ ತಲೆಯ ಮೇಲೆ ಬಂದ ಮೇಲೆ. ಅದು ಕೂಗಲ್ಲ, ಎದೆಗೂಡಿನೊಳಗೆ ಯಾರೋ ಬೀಸುಕಲ್ಲು ತಿರುಗಿಸಿದ ಹಾಗೆ. ಹದಿನೆಂಟು ಚಕ್ರಗಳು ಹೊಟ್ಟೆಯಡಿ ಜೋತಾಡುತ್ತಿದ್ದವು. ಹಿಣಿಲಿನ ಸಾಲಿನ ಒಂದು ಕಿಟಕಿಯಲ್ಲಿ ಮಾತ್ರ ಬೆಳಕಿತ್ತು. ಅದು ಹೋದ ಮೇಲೆ ಕಂಬಿಗೆ ಕಟ್ಟಿದ ದ್ರಾಕ್ಷಿ ಎಲೆಗಳು ಒಮ್ಮೆ ಸರಸರ ಎಂದು ಅಲುಗಿ ಸುಮ್ಮನಾದವು. ಗೆಳೆಯ ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದ.

ಭಾವನಿಗೆ ಪೂರ್ತಿ ಉತ್ತರ ಕೊಟ್ಟದ್ದು ಮೊನ್ನೆ ಯುಗಾದಿಯ ದಿನ. ಒಬ್ಬಟ್ಟಿನ ಊಟವಾದ ಮೇಲೆ ಮೊಬೈಲಿನಲ್ಲಿ ಎರಡು ತೋರಿಸಿದೆ. ಮೊದಲನೆಯದು ಆ ಕೊನೆಯ ವಿಮಾನ ಎವೆರೆಟ್ ಬಿಟ್ಟ ದಿನದ ನಕ್ಷೆ. ಅವತ್ತು ಅದು ನೇರವಾಗಿ ಸಿನ್ಸಿನಾಟಿಗೆ ಹೋಗದೆ, ವಾಷಿಂಗ್ಟನ್ ರಾಜ್ಯದ ಮೇಲೆ ಗಂಟೆಗಟ್ಟಲೆ ಸುತ್ತಿ, ತಾನು ಹಾರಿದ ದಾರಿಯಲ್ಲೇ ಒಂದು ಕಿರೀಟ ಮತ್ತು 747 ಎಂಬ ಅಂಕಿ ಬರೆದಿತ್ತು. ನೆಲದಿಂದ ನೋಡಿದರೆ ಏನೂ ಕಾಣದು, ನಕ್ಷೆಯಲ್ಲಷ್ಟೇ ಕಾಣುತ್ತದೆ. ಭಾವ "ಡೀಸೆಲ್ ಹಾಳು" ಎಂದರು. ಎರಡನೆಯದು ಸರಕಿನ ಜಂಬೋಗೆ ಲೋಡ್ ಮಾಡುವ ವಿಡಿಯೊ. ಮೂಗು ಮೆಲ್ಲಗೆ ಮೇಲೆದ್ದು ತೊಟ್ಟಿಲ ಕಮಾನಿನಂತೆ ನಿಂತಿತು. ಉದ್ದನೆಯ ಕೊಳವೆಗಳು ಒಂದೊಂದಾಗಿ ಒಳಗೆ ಹೋದವು. ಪೈಲಟ್‌ಗಳ ಕಿಟಕಿ ಅದರ ಮೇಲೆ ಎತ್ತರದಲ್ಲಿ, ಯಾರಿಗೂ ಅಡ್ಡಿಯಾಗದೆ ಕೂತಿತ್ತು.

"ನೋಡಿ ಭಾವ, ಕೊನೆಗೆ ಉಳಿಯುವ ಕೆಲಸ ಇದು ಅಂತಲೇ ಆ ಹಿಣಿಲು ಇಟ್ಟದ್ದು. ಕೊನೆಯದಾಗಿ ತಯಾರಾದದ್ದೂ ಸರಕಿನ ವಿಮಾನವೇ. ನಡುವೆ ಐವತ್ತು ವರ್ಷ ಜನರನ್ನು ಹೊತ್ತದ್ದು ಲೆಕ್ಕದಲ್ಲೇ ಇರಲಿಲ್ಲ" ಎಂದೆ.

ಅವರು ವಿಡಿಯೊವನ್ನು ಹಿಂದಕ್ಕೆ ಎಳೆದು ಮೂಗು ಏಳುವುದನ್ನು ಇನ್ನೊಮ್ಮೆ ನೋಡಿದರು.

"ಎಷ್ಟು ಟನ್ ಹಿಡಿಸುತ್ತದೆ?"

"ಸುಮಾರು 130."

ಭಾವ ಬೆರಳು ಮಡಚಿ ತಮ್ಮ ನಾಲ್ಕು ಲಾರಿಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಕೇಳಿದರು: "ಟ್ರಿಪ್ಪಿಗೆ ಬಾಡಿಗೆ ಎಷ್ಟು ಬರುತ್ತದೆ?"